ಕುಂಕುಮವಿಲ್ಲದ ಕಟಿಂಗ್ ಪ್ಲೇಯರ್

ಕಂತು ೭

"ಸಹಿ ಹಾಕು. ಐದು ಗಂಟೆಗೆ ಇನ್ನು ಐವತ್ತೇ ನಿಮಿಷ ಇರೋದು."

ಸುಮಿತ್ರಮ್ಮ ಅರ್ಧಕ್ಕೆ ಮಡಿಸಿದ ಕಾಗದವನ್ನು ಹಲಗೆಯ ಮೇಲೆ ಮುಂದಕ್ಕೆ ತಳ್ಳಿದರು. ಎರಡು ಡ್ರಮ್ಮುಗಳ ಮೇಲೆ ಅಡ್ಡ ಹಾಕಿದ ಆ ಹಲಗೆಯೇ ದೋಣಿ ಶೆಡ್ಡಿನ ಮೇಜು. ಆ ಕಡೆ ಸುಮಿತ್ರಮ್ಮ ಮತ್ತು ಹೇಮಲತಾ, ಈ ಕಡೆ ಲತಾಮಣಿ ಒಬ್ಬಳೇ. ಶೆಡ್ಡಿನಲ್ಲಿದ್ದ ಎರಡು ಕುರ್ಚಿಗಳೂ ಆ ಕಡೆಗೇ ಹೋಗಿದ್ದವು. ಕೂತ್ಕೋ ಅಂತ ಯಾರೂ ಅನ್ನಲಿಲ್ಲ.

ಲತಾಮಣಿ ನಿಂತುಕೊಂಡೇ ಓದಿದಳು. 'ಬೆಳ್ಳಕ್ಕಿ ಹಾಯಿದೋಣಿಯ ಚುಕ್ಕಾಣಿ ಹಿಡಿಯುವ ಲತಾಮಣಿ ಆದ ನಾನು, ಮಂಗಳವಾರ ಸಂಜೆ ಕಂಬದ ಬಲಗಡೆಯ ತಂತಿಗೆ ಪಿನ್ ಹಾಕಲು ಮರೆತಿದ್ದರಿಂದ, ಗುರುವಾರದ ತಾಲೀಮಿನಲ್ಲಿ ಕಂಬ ಮುರಿದುಬಿದ್ದಿರುತ್ತದೆ. ಇದು ಪೂರ್ತಿ ನನ್ನ ಅಜಾಗರೂಕತೆ. ಈ ದಿನದಿಂದ ಬಳಗವನ್ನು ಬಿಡುತ್ತಿದ್ದೇನೆ.'

ಟೈಪ್ ಮಾಡಿಸಿ ತಂದಿದ್ದರು. ಸುಮಿತ್ರಮ್ಮನ ಕೊಬ್ಬರಿ ಮಂಡಿಯ ಪ್ರಿಂಟರ್ ಇರಬೇಕು, ಅಕ್ಷರದ ತಲೆಕಟ್ಟುಗಳೆಲ್ಲ ಮಂಕಾಗಿದ್ದವು. ಮುರಿದದ್ದು ಕಂಬವಲ್ಲ, ಸುಮಿತ್ರಮ್ಮನ ಅಣ್ಣನ ಮಗಳು ಶಿಲ್ಪಾಳ ಭುಜ. ಆ ಭುಜದ ಬಗ್ಗೆ ಕಾಗದದಲ್ಲಿ ಒಂದಕ್ಷರ ಇರಲಿಲ್ಲ. ಕಂಬಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಎಷ್ಟು ಅವಸರದಲ್ಲಿ ಬರೆಸಿದ್ದಾರೋ ಎಂದುಕೊಂಡಳು ಲತಾಮಣಿ.

"ಹಾಕದೆ ಹೋದ್ರೆ?"

"ಹಾಕದೆ ಹೋದ್ರೆ ಬೇಲೂರು ಸ್ಟೇಷನ್ನು. ಮರೆತಿದ್ದಲ್ಲ, ಬೇಕಂತಲೇ ತೆಗೆದಿದ್ದು ಅಂತ ಕಂಪ್ಲೇಂಟು. ಮಾದಿಹಳ್ಳಿ ಹೈಸ್ಕೂಲಿನ ವಿಜ್ಞಾನದ ಟೀಚರಮ್ಮನ್ನ ಪೊಲೀಸ್ನೋರು ಕರೆದ್ರಂತೆ ಅನ್ನೋದು ಊರಿಗೆ ಮುಟ್ಟೋಕೆ ಅರ್ಧ ದಿನ ಸಾಕು. ಹೇಮ, ಶಿಲ್ಪಾ ಇಬ್ರೂ ಸಾಕ್ಷಿ ಹಾಕಾಗಿದೆ. ನಿಂದೊಂದೇ ಬಾಕಿ."

ಶಿಲ್ಪಾನೂ ಹಾಕಿದ್ದಾಳೆ ಎಂದದ್ದೇ ಲತಾಮಣಿ ಕಾಗದವನ್ನು ಹಲಗೆಯ ಮೇಲೆ ಇಟ್ಟುಬಿಟ್ಟಳು. ಕಾಗದದ ಕೆಳಗಿನ ಅರ್ಧವನ್ನು ಬಿಡಿಸಿ ನೋಡುವ ಮನಸ್ಸೂ ಆಗಲಿಲ್ಲ. ಉಳಿದವರು ಏನಾದರೂ ಅಂದುಕೊಳ್ಳಲಿ, ಅವಳೂ ಹೀಗೆ ಮಾಡಿದಳಲ್ಲ.

ಇವತ್ತು ಬೆಳಗ್ಗೆಯಷ್ಟೇ ಹಾಸನದ ಆಸ್ಪತ್ರೆಗೆ ಹೋಗಿ ಆ ಹುಡುಗಿಗೆ ಇಡ್ಲಿ ತಿನ್ನಿಸಿ ಬಂದಿದ್ದಳು. ಬಲಭುಜದಿಂದ ಬೆರಳ ತುದಿಯವರೆಗೆ ಪಟ್ಟಿ ಸುತ್ತಿ ಎದೆಗೆ ಬಿಗಿದಿದ್ದರು, ಚಮಚ ಹಿಡಿಯಲೂ ಆಗುತ್ತಿರಲಿಲ್ಲ. ಎಡಗೈಲಿ ತಿಂತೀನಿ ಅಂದರೆ ಅವರಜ್ಜಿ ಬಿಡಲಿಲ್ಲ. ಲತಾಮಣಿಯೇ ಒಂದೊಂದು ತುತ್ತು ಇಟ್ಟಳು. ಹುಡುಗಿ ಮುಖ ಎತ್ತದೆ ಕಣ್ಣೀರು ಹಾಕುತ್ತಾ ನುಂಗಿತು. ನೋವಿಗೆ ಅಳುತ್ತಿದ್ದಾಳೆ, ಪಾಪ, ಎಂದುಕೊಂಡು ಲತಾಮಣಿಯೂ ನಾಲ್ಕು ಹನಿ ಹಾಕಿದ್ದಳು.

"ಪೆನ್ ಬೇಕಾ?" ಎಂದಳು ಹೇಮಲತಾ.

ಹಳೇಬೀಡಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಹೇಮಲತಾ ಈ ಬಳಗದ ಹಾಯಿ ಹೊಲಿಯುವವಳು. ನಿನ್ನೆ ಕಂಬದ ಜೊತೆ ಬಿದ್ದು ಹರಿದ ಹಾಯಿಯನ್ನು ಹೊಲಿದು ತಂದು ಮೂಲೆಯಲ್ಲಿ ಇಟ್ಟಿದ್ದಳು. ಆಗಸ್ಟಿನಲ್ಲಿ ಲತಾಮಣಿಯ ಕೈಗೆ ಚುಕ್ಕಾಣಿ ಕೊಡಿ ಎಂದು ಮೊದಲು ಕೈ ಎತ್ತಿದವಳೂ ಇವಳೇ. ನಿನ್ನೆ ಕಂಬದಡಿ ಸಿಕ್ಕಿ ನೀರು ಕುಡಿದು ಮೇಲೆದ್ದ ಮೇಲೆ ಆ ಹೇಮಕ್ಕ ಬೇರೆಯೇ ಆಗಿಬಿಟ್ಟಿದ್ದಳು.

"ನಂಗೂ ಎರಡು ಮಕ್ಕಳಿದ್ದಾವೆ ಕಣೇ," ಎಂದಳು ಪೆನ್ನನ್ನು ಕಾಗದದ ಮೇಲೆ ಎಸೆದು. "ಆ ಕಂಬ ಇನ್ನೊಂದು ಗೇಣು ಹಿಂದೆ ಬಿದ್ದಿದ್ರೆ ನನ್ನ ತಲೆ ಹೋಗ್ತಿತ್ತು. ಒಂದು ಪಿನ್ ಹಾಕೋಕೆ ಬರ್ದೇ ಇದ್ದೋಳು ಚುಕ್ಕಾಣಿ ಯಾಕೆ ಹಿಡೀಬೇಕಿತ್ತು?"

ಲತಾಮಣಿ ಪೆನ್ನು ಮುಟ್ಟಲಿಲ್ಲ. ಜಂಬದ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಹಲಗೆಯ ಮೇಲೆ ಇಟ್ಟಳು. ಸ್ಕೂಲಿಗೆ ಊಟ ಒಯ್ಯುವ ಡಬ್ಬಿ. ಒಳಗೆ ಬಿಳಿ ಕಾಗದದ ಮೇಲೆ ಗೇಣುದ್ದದ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟು ಮೇಲಾಗಿ ಮಲಗಿತ್ತು.

"ನಾನು ಪಿನ್ ಹಾಕಿದ್ದೆ. ಅದನ್ನ ತೆಗೆದೋರು ಬೇರೆ. ತೆಗೆದದ್ದು ಮಂಗಳವಾರ ಅಲ್ಲ, ಬುಧವಾರ ಪೂಜೆ ಆದಮೇಲೆ. ಹತ್ತು ನಿಮಿಷ ಕೇಳಿಸ್ಕೊಳ್ಳಿ. ಆಮೇಲೂ ನಾನೇ ಅನ್ನಿಸಿದ್ರೆ ಸಹಿ ಹಾಕಿ ಹೋಗ್ತೀನಿ."

ಸುಮಿತ್ರಮ್ಮ ಗಡಿಯಾರ ನೋಡಿಕೊಂಡರು. ಐವತ್ತೆಂಟರ ಹೆಂಗಸು, ಅರಸೀಕೆರೆಯಲ್ಲಿ ಮಂಡಿ ನಡೆಸುವವರು. ಹಣೆಯ ಮೇಲೆ ವಿಭೂತಿಯ ಮೂರು ಗೆರೆ ತಿದ್ದಿದ ಹಾಗೆ ಇರುತ್ತಿತ್ತು, ಹುಬ್ಬಿನ ನಡುವೆ ಖಾಲಿ. ನೌಕಾಪಡೆಯಿಂದ ನಿವೃತ್ತರಾಗಿ ಬಂದ ಗಂಡ ಷಡಕ್ಷರಪ್ಪನವರು ಎಲ್ಲಿಂದಲೋ ಈ ಹಳೇ ದೋಣಿ ತಂದು, ಯಗಚಿ ಹಿನ್ನೀರಿನ ದಡದಲ್ಲಿ ಶೆಡ್ಡು ಕಟ್ಟಿ, ಈಜು ಬಾರದ ಹೆಂಗಸರಿಗೆಲ್ಲ ಹಾಯಿ ಕಲಿಸಿದ್ದರು. ಅವರು ಹೋಗಿ ಮೂರು ವರ್ಷ. ಅಲ್ಲಿಂದ ಈ ಆಗಸ್ಟಿನವರೆಗೆ ಬೆಳ್ಳಕ್ಕಿಯ ಚುಕ್ಕಾಣಿ ಸುಮಿತ್ರಮ್ಮನ ಕೈಯಲ್ಲೇ ಇತ್ತು.

"ಹೇಳು," ಎಂದರು. "ಹತ್ತೇ ನಿಮಿಷ."

"ಕಂಬನ ಎರಡೂ ಕಡೆಯಿಂದ ತಂತಿ ಬಿಗಿದು ನಿಲ್ಸಿರ್ತೀವಿ. ತಂತಿ ಬುಡದ ಬೋಲ್ಟು ಕಳಚ್ದೇ ಇರ್ಲಿ ಅಂತ ಅದರ ತೂತಿಗೆ ಒಂದು ಪಿನ್ ತೂರಿಸಿ, ಕಾಲು ಅಗಲಿಸಿ, ಮೇಲೆ ಟೇಪ್ ಸುತ್ತೋದು. ಮಂಗಳವಾರ ಸುತ್ತಿದ್ದು ನಾನೇ. ಗುರುವಾರ ಬೆಳಗ್ಗೆ ನೀರಿಗೆ ಇಳಿಸೋ ಮುಂಚೆ ಕೈಯಾಡಿಸಿ ನೋಡಿದ್ದೂ ನಾನೇ. ಟೇಪ್ ಇತ್ತು, ಬಿಗಿಯಾಗೂ ಇತ್ತು. ಬಿಚ್ಚಿ ನೋಡ್ಲಿಲ್ಲ. ಅದು ನನ್ನ ತಪ್ಪು, ಒಪ್ಕೊಂಡೆ."

"ಒಪ್ಕೊಂಡ್ಯಲ್ಲ, ಮುಗೀತು," ಎಂದಳು ಹೇಮಲತಾ.

"ಮುಗೀಲಿಲ್ಲ ಹೇಮಕ್ಕ. ನಿನ್ನೆ ನೀವೆಲ್ಲ ಆಸ್ಪತ್ರೆಗೆ ಓಡಿದ್ರಿ. ನಾನೂ ಹನುಮಮ್ಮನೂ ದೋಣಿ ದಡಕ್ಕೆ ಎಳೆದ್ವಿ. ತಂತಿ ತುದೀಲಿ ಈ ಟೇಪು ಇನ್ನೂ ಅಂಟ್ಕೊಂಡಿತ್ತು. ಬಿಡಿಸ್ತಾ ಹೋದೆ. ಒಳಸುತ್ತು ನೋಡಿ."

ಹೇಮಲತಾ ಡಬ್ಬಿ ಎಳೆದುಕೊಂಡು ಬಗ್ಗಿದಳು. ದರ್ಜಿಯ ಕಣ್ಣು ಸಣ್ಣದನ್ನು ಬೇಗ ಹಿಡಿಯುತ್ತದೆ. ಅಂಟಿನ ಮೇಲೆ ಎರಡು ಕಡೆ ಕೆಂಪು ಪುಡಿ ಕೂತಿತ್ತು. ಒಂದರಲ್ಲಿ ಬೆರಳಿನ ಗೆರೆಗಳೂ ಅರ್ಧಂಬರ್ಧ ಮೂಡಿದ್ದವು.

"ಕುಂಕುಮ," ಎಂದಳು ಹೇಮಲತಾ. ಧ್ವನಿ ಸ್ವಲ್ಪ ಇಳಿದಿತ್ತು.

"ಮಂಗಳವಾರ ಈ ಶೆಡ್ಡಲ್ಲಿ ಕುಂಕುಮ ಎಲ್ಲಿತ್ತು? ಅದು ಬಂದಿದ್ದು ಬುಧವಾರ ಬೆಳಗ್ಗೆ, ಆಯುಧಪೂಜೆಗೆ. ಅಂದ್ರೆ ಈ ಟೇಪ್ ಸುತ್ತಿದ್ದು ಪೂಜೆ ಆದಮೇಲೆ. ಕೈಗೆ ಕುಂಕುಮ ಮೆತ್ಕೊಂಡಿದ್ದೋರು."

"ಅದು ನಿನ್ನ ಕೈಯೇ ಯಾಕಾಗಬಾರ್ದು?" ಎಂದರು ಸುಮಿತ್ರಮ್ಮ. ಕಾದುಕೊಂಡಿದ್ದ ಹಾಗೆ ಬಂತು ಮಾತು. "ಪೂಜೆಗಿಟ್ಟ ಸಾಮಾನನ್ನ ಮಾರನೇ ದಿನದವರೆಗೆ ನಾವ್ಯಾರೂ ಮುಟ್ಟಲ್ಲ. ಕಣ್ಣಿಗೆ ಒತ್ತಿಕೊಂಡು ಇಟ್ಟ ಮೇಲೆ ಅದು ದೇವರು. ನಮ್ಮನೇಲಿ ಹುಟ್ಟಿದ ಮಗೂಗೂ ಗೊತ್ತು ಅದು. ಮುಟ್ಟೋಳು ಅಂದ್ರೆ ನೀನೊಬ್ಬಳೇ. ನಿಮ್ಮನೇಲಿ ಇದ್ಯಾವುದೂ ಇಲ್ವಲ್ಲ."

ಬಂತು. ನಿನ್ನೆಯಿಂದ ಯಾರ ಬಾಯಿಂದ ಮೊದಲು ಬರುತ್ತದೋ ಎಂದು ಲತಾಮಣಿ ಕಾಯುತ್ತಿದ್ದ ಮಾತು ಅದು. ಅವಳ ಅಪ್ಪ ಉಗ್ರಪ್ಪ ಬೌದ್ಧರಾಗಿ ಇಪ್ಪತ್ತು ವರ್ಷವಾಗಿತ್ತು. ಮನೆಯಲ್ಲಿ ಬುದ್ಧನ ಪಟದ ಮುಂದೆ ಒಂದು ದೀಪ ಹಚ್ಚುವುದು ಬಿಟ್ಟರೆ ಬೇರೆ ಪೂಜೆ ಇರಲಿಲ್ಲ. ನಾಲ್ಕು ವರ್ಷ ಒಂದೇ ಬಾಟಲಿಯಲ್ಲಿ ನೀರು ಕುಡಿದ ಹೆಂಗಸರು ಇಂಥ ಗಳಿಗೆಗೆಂದು ಅದನ್ನು ಮನಸ್ಸಿನಲ್ಲಿ ಜೋಪಾನ ಮಾಡಿಟ್ಟುಕೊಂಡಿದ್ದರು. ಅವಳಿಗೆ ಕೋಪ ಬಂತು. ಬರಬೇಕಾದ್ದೇ. ಕೋಪ ನುಂಗಿ ಸೌಮ್ಯವಾಗಿ ನಗುವ ಜಾತಿಯವಳಲ್ಲ ಅವಳು.

"ಹೌದು, ನಮ್ಮನೇಲಿ ಇಲ್ಲ," ಎಂದಳು. "ಇಲ್ದೇ ಇರೋದ್ರಿಂದಲೇ ಇದು ನಾನಲ್ಲ ಅಂತ ತೋರಿಸ್ತೀನಿ. ಬನ್ನಿ ಈ ಕಡೆ."

ಶೆಡ್ಡಿನ ಗೋಡೆ ಪಕ್ಕ ಒಂದು ಹಳೇ ಬೆಂಚು. ಅದರ ಮೇಲೆ ಕೆಂಪು ವಸ್ತ್ರ ಹಾಸಿ ಬುಧವಾರ ಜೋಡಿಸಿದ ಸಾಮಾನೆಲ್ಲ ಹಾಗೇ ಇತ್ತು. ಎರಡು ಸ್ಪ್ಯಾನರ್, ಸ್ಕ್ರೂಡ್ರೈವರ್, ಸುತ್ತಿಗೆ, ಅರ, ಹಾಯಿ ಹೊಲಿಯುವ ದಬ್ಬಣ, ಕಟಿಂಗ್ ಪ್ಲೇಯರ್. ಸೇವಂತಿಗೆ ಬಾಡಿ ಕಂದಾಗಿತ್ತು, ಕಡಲೆಪುರಿ ನೆಲದ ತುಂಬ ಹರಡಿತ್ತು. ವಿಜಯದಶಮಿ ಬೆಳಗ್ಗೆ ಒಂದು ಸುತ್ತು ಹೋಗಿ ಬಂದು ಸಾಮಾನು ಎತ್ತೋಣ ಎಂದಿದ್ದರು. ಸುತ್ತು ಮುಗಿಯುವ ಮೊದಲೇ ಕಂಬ ಉರುಳಿತು, ಬೆಂಚಿನ ಕಡೆ ಯಾರೂ ತಿರುಗಿ ನೋಡಲಿಲ್ಲ.

"ಯಾವುದನ್ನೂ ಮುಟ್ಟಬೇಡಿ. ನೋಡಿ ಅಷ್ಟೇ. ಪ್ರತಿಯೊಂದರ ಮೇಲೂ ಏನೇನಿದೆ ಹೇಮಕ್ಕ?"

"ವಿಭೂತಿ. ಮೂರು ಗೆರೆ. ನಡುವೆ ಕುಂಕುಮದ ಬೊಟ್ಟು."

"ಪ್ಲೇಯರ್ ಮೇಲೆ?"

ಹೇಮಲತಾ ಇನ್ನಷ್ಟು ಬಗ್ಗಿ ನೋಡಿದಳು.

"ವಿಭೂತಿ ಐತೆ. ಕುಂಕುಮ ಇಲ್ಲ." ತಡವರಿಸಿದಾಗ ಅವಳ ಬಾಯಿಗೆ ಊರಿನ ಮಾತೇ ಬರುತ್ತಿತ್ತು. "ಉದುರಿರಬೋದು."

"ಬುಧವಾರ ಕುಂಕುಮ ಕಲಸಿದ್ದು ನೀರಲ್ಲಿ, ಒಣಗಿ ಕಚ್ಕೊಂಡಿದೆ. ಬೇರೆ ಒಂದರಲ್ಲೂ ಉದುರಿಲ್ಲ. ಇನ್ನೊಂದು ನೋಡಿ. ಬೇರೆ ಎಲ್ಲದರ ಮೇಲೆ ವಿಭೂತಿ ಒದ್ದೆ ಮಾಡಿ ಎಳೆದಿದ್ದು, ಗಟ್ಟಿ ಪಟ್ಟೆ. ಪ್ಲೇಯರ್ ಮೇಲೆ ಒಣ ವಿಭೂತಿ. ಊದಿದ್ರೆ ಹಾರುತ್ತೆ."

ಅವಳು ಮೆಲ್ಲಗೆ ಊದಿದಳು. ಮೇಲಿನ ಗೆರೆಯಿಂದ ಬಿಳಿ ಪುಡಿ ಎದ್ದು ಕೆಂಪು ವಸ್ತ್ರದ ಮೇಲೆ ಬಿತ್ತು.

"ಪಿನ್ನಿನ ಕಾಲು ನೆಟ್ಟಗೆ ಮಾಡೋಕೆ ಪ್ಲೇಯರ್ ಬೇಕೇ ಬೇಕು. ತಗೊಂಡ್ರು, ಕೆಲಸ ಮಾಡಿದ್ರು, ಅದರ ಮೇಲಿದ್ದ ಕುಂಕುಮ ಬೆರಳಿಗೆ ಮೆತ್ಕೊಂತು, ಬೆರಳಿಂದ ಟೇಪಿಗೆ. ವಾಪಸ್ ಇಡುವಾಗ ನೋಡ್ತಾರೆ, ಪ್ಲೇಯರ್ ಬೋಳು. ನಾನಾಗಿದ್ರೆ ಏನು ಮಾಡ್ತಿದ್ದೆ? ಒರೆಸಿ ಇಟ್ಟು ಹೋಗ್ತಿದ್ದೆ. ಪೂಜೆ ಸಾಮಾನನ್ನ ಬೋಳಾಗಿ ಇಟ್ರೆ ಕೈ ನಡುಗೋದು ನಂಗಲ್ಲ. ಮತ್ತೆ ವಿಭೂತಿ ಹಚ್ಚಿ ಇಟ್ಟಿದಾರೆ ಅಂದ್ರೆ, ಅವರಿಗೆ ಹಾಗೇ ಇಡೋಕೆ ಆಗ್ಲಿಲ್ಲ. ಹುಟ್ಟಿದಾಗಿಂದ ಬಂದ ಭಯ ಅದು."

"ಗೊತ್ತಾಗ್ದೇ ಇರ್ಲಿ ಅಂತ ನೀನೇ ಹಚ್ಚಿರಬೋದಲ್ಲ," ಎಂದಳು ಹೇಮಲತಾ. ಹಟಕ್ಕೆ ಅಂದಳೇ ಹೊರತು ಧ್ವನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ಮುಚ್ಚಿಡೋಕೆ ಹಚ್ಚೋಳು ಪಕ್ಕದ ಸ್ಪ್ಯಾನರ್ ನೋಡಿ ಅದರ ಹಾಗೇ ಮಾಡ್ತಾಳೆ. ಕುಂಕುಮನೂ ಇಡ್ತಾಳೆ. ಬಟ್ಟಲಲ್ಲಿ ಕುಂಕುಮ ಇಲ್ಲೇ ಇದೆ ನೋಡಿ, ಕೈಗೆಟಕೋ ಹಾಗೆ. ಆದ್ರೂ ಇಟ್ಟಿಲ್ಲ. ವಿಭೂತಿ ಹಚ್ಚೋ ಕೈ, ಕುಂಕುಮ ಮುಟ್ಟದ ಕೈ."

ಅಷ್ಟು ಹೇಳಿ ಲತಾಮಣಿ ನಿಲ್ಲಿಸಿದಳು. ಮುಂದಿನ ಮಾತು ಆಡಲು ಅವಳಿಗೆ ನಾಚಿಕೆಯಾಯಿತು. ಒಬ್ಬ ಹೆಂಗಸಿನ ಬರಿ ಹಣೆಯನ್ನು ಸಾಕ್ಷಿಗೆ ತರುವುದು ಅವಳ ಮನೆಯಲ್ಲಿ ಕಲಿಸಿದ ನಡತೆಯಲ್ಲ.

ಬುಧವಾರದ ಪೂಜೆ ಅವಳ ಕಣ್ಣ ಮುಂದಿತ್ತು. ಸುಮಿತ್ರಮ್ಮ ಒಂದೊಂದೇ ಸಾಮಾನಿಗೆ ವಿಭೂತಿ ಎಳೆಯುತ್ತಾ ಬಂದಿದ್ದರು. ಹಿಂದೆಯೇ ಶಿಲ್ಪಾ ಕುಂಕುಮ ಇಡುತ್ತಾ ಬಂದಳು. ನಡುವೆ ಶಿಲ್ಪಾ ಫೋನ್ ಬಂತೆಂದು ಹೊರಗೆ ಹೋದಾಗ, ಲತಾಮಣಿಯೇ ಬಟ್ಟಲನ್ನು ಸುಮಿತ್ರಮ್ಮನ ಮುಂದೆ ಹಿಡಿದು, ನೀವೇ ಇಡಿ ಅಮ್ಮ, ಏನಾಗುತ್ತೆ, ಎಂದಿದ್ದಳು. ಸುಮಿತ್ರಮ್ಮ ಬಿಸಿ ಪಾತ್ರೆ ತಗುಲಿದವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡಿದ್ದರು. ಶಿಲ್ಪಾ ಬರಲಿ, ಎಂದಿದ್ದರು ಅಷ್ಟೇ.

ಆ ಕೈ ಈಗ ಸೀರೆಯ ಸೆರಗಿನೊಳಗೆ ಹೋಗಿತ್ತು.

"ಎಂಥ ಮಾತಾಡ್ತೀಯೇ?" ಹೇಮಲತಾ ಸುಮಿತ್ರಮ್ಮನ ಹಣೆ ನೋಡಿದಳು, ಕೂಡಲೇ ಕಣ್ಣು ತಪ್ಪಿಸಿದಳು. "ಅಮ್ಮನ ಮೇಲೆ ಹೇಳ್ತಿದ್ದೀಯಾ? ಅವರ ಗಂಡ ತಂದ ದೋಣಿ ಇದು. ಅವರ ಅಣ್ಣನ ಮಗಳೇ ಅದರಲ್ಲಿದ್ದಿದ್ದು."

"ಹೌದು ಹೇಮಕ್ಕ. ಅದಕ್ಕೇ ನಂಗೂ ಅರ್ಥ ಆಗ್ತಿಲ್ಲ. ಅಮ್ಮ, ನೀವೇ ಹೇಳಿ. ಇದು ನಿಮ್ಮ ಕೈ ಅಲ್ಲ ಅಂತ ಹೇಳಿ, ನಾನು ಕಾಲಿಗೆ ಬಿದ್ದು ಹೋಗ್ತೀನಿ."

ಹೊರಗೆ ದಡಕ್ಕೆ ನೀರು ಬಡಿಯುತ್ತಿತ್ತು. ಗಾಳಿ ಪಶ್ಚಿಮಕ್ಕೆ ತಿರುಗಿತ್ತು, ಭಾನುವಾರದ ಪಂದ್ಯಕ್ಕೆ ಹೇಳಿ ಮಾಡಿಸಿದ ಗಾಳಿ. ಮೈಸೂರು, ಬೆಂಗಳೂರಿನಿಂದ ಬಂದ ಒಂಬತ್ತು ದೋಣಿ ಆಚೆ ದಡದಲ್ಲಿ ಸಾಲಾಗಿ ನಿಂತಿದ್ದವು. ಐದು ಗಂಟೆಯೊಳಗೆ ಪಂದ್ಯದ ಕಾರ್ಯದರ್ಶಿ ಉಮಾಶಂಕರ್ ಅವರಿಗೆ ತಂಡದ ಪಟ್ಟಿ ಹೋಗಬೇಕಿತ್ತು. ಚುಕ್ಕಾಣಿ ಎಂಬ ಸಾಲಿನಲ್ಲಿ ಲತಾಮಣಿಯ ಹೆಸರಿರುತ್ತದೋ ಇಲ್ಲವೋ ಎಂಬುದು ಇನ್ನೂ ಈ ಶೆಡ್ಡಿನಲ್ಲೇ ಇತ್ತು.

ಸುಮಿತ್ರಮ್ಮ ಕುರ್ಚಿಗೆ ಹೋಗಿ ಕೂತರು.

"ವಿಭೂತಿ ಹಚ್ಚಿದ್ದು ನಾನೇ," ಎಂದರು.

ಹೇಮಲತಾ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಆದ್ರೆ ಪಿನ್ ತೆಗೆದೋಳು ನಾನಲ್ಲ. ಬುಧವಾರ ಸಾಯಂಕಾಲ ಶಿಲ್ಪಾ ಅರಸೀಕೆರೆಗೆ ಮನೆಗೆ ಬಂದ್ಲು. ಬಟ್ಟೆ ಒಗೆಯೋಕೆ ಹಾಕೋಣ ಅಂತ ಅವಳ ಬ್ಯಾಗ್ ತೆಗೆದ್ರೆ ಒಳಗೆ ಪ್ಲೇಯರ್. ಪೂಜೆಗಿಟ್ಟಿದ್ದೇ. ಕುಂಕುಮ ಎಲ್ಲ ಒರಸಿ ಹೋಗಿತ್ತು. ಎಳೇ ಬುದ್ಧಿ, ಏನಕ್ಕೋ ತಗೊಂಡು ಬಂದಿದೆ ಅಂದ್ಕೊಂಡೆ. ಬೋಳು ಸಾಮಾನನ್ನ ವಾಪಸ್ ಇಡೋಕೆ ಮನಸ್ಸು ಬರ್ಲಿಲ್ಲ. ನನ್ನ ವಿಭೂತಿ ಗಟ್ಟಿಯಿಂದ ಮೂರು ಗೆರೆ ಎಳೆದು, ಗುರುವಾರ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ಇಟ್ಟೆ. ಕಂಬ ಬಿದ್ದ ಮೇಲೆ ನಂಗೆ ಗೊತ್ತಾಯ್ತು ಅವಳು ಅದನ್ನ ಯಾಕೆ ತಗೊಂಡಿದ್ಲು ಅಂತ."

"ಶಿಲ್ಪಾನಾ?" ಲತಾಮಣಿಗೆ ನಂಬಲಾಗಲಿಲ್ಲ. "ಶಿಲ್ಪಾ ಯಾಕೆ ಹಾಗೆ ಮಾಡ್ತಾಳೆ?"

"ಅದನ್ನ ಕೇಳೋಕೆ ನಂಗೆ ಧೈರ್ಯ ಬಂದಿಲ್ಲ. ನಂಬಲ್ಲ ಅಂದ್ರೆ ಕೇಳು. ಹನುಮಮ್ಮ, ಬಾ ಇಲ್ಲಿ."

ಶೆಡ್ಡು ಕಾಯುವ ಹನುಮಮ್ಮ ಬಾಗಿಲಲ್ಲೇ ಇದ್ದಳು. ಒಳಗೆ ಜಗಳ ನಡೆಯುವಾಗ ಅವಳಿಗೆ ಬೇರೆ ಕಡೆ ಕೆಲಸ ಇರುತ್ತಿರಲಿಲ್ಲ.

"ಬುಧವಾರ ಮಧ್ಯಾಹ್ನ ಬೀಗದ ಕೈ ಯಾರು ತಗೊಂಡ್ರು?"

"ಶಿಲ್ಪವ್ವ. ಮೂರು ಗಂಟೆ ಆಗಿತ್ತು. ಬೀಗದ ಕೈ ಕೊಡು ಹನುಮಮ್ಮ ಅಂದ್ರು, ಕೊಟ್ಟೆ. ಇನ್ನೊಂದ್ ಮಾತು ಐತೆ ಅಮ್ಮಾರೇ, ಅವತ್ತು ಅವ್ವ ಅಂದಿದ್ದು..."

"ಸಾಕು. ಟೀ ಇಡು ಹೋಗು."

"ಹಾಲು ಇಲ್ಲ ಕಣವ್ವ."

"ತಗೊಂಡು ಬಾ."

ಹನುಮಮ್ಮ ಲತಾಮಣಿಯ ಮುಖವನ್ನೊಮ್ಮೆ ನೋಡಿ ಹೋದಳು. ಆ ನೋಟವನ್ನು ಲತಾಮಣಿ ಆಗ ಗಮನಿಸಲಿಲ್ಲ. ಅವಳ ತಲೆಯ ತುಂಬ ಇಡ್ಲಿ ನುಂಗುತ್ತಾ ಅಳುತ್ತಿದ್ದ ಹುಡು‌ಗಿಯೇ ಇದ್ದಳು. ಹಾಗಾದರೆ ಅದಕ್ಕೇ ಮುಖ ಎತ್ತಲಿಲ್ಲ. ಅದಕ್ಕೇ ಹೊರಡುವಾಗ 'ಅಕ್ಕ, ನೀವು ಬರಬೇಡಿ ಇನ್ಮೇಲೆ' ಎಂದದ್ದು.

ಸುಮಿತ್ರಮ್ಮನ ಧ್ವನಿ ಈಗ ಮೆತ್ತಗಾಗಿತ್ತು. ಬೈದದ್ದಕ್ಕಿಂತ ಈ ಮೆತ್ತನೆಯೇ ಲತಾಮಣಿಗೆ ಕಷ್ಟವಾಯಿತು.

"ಇಪ್ಪತ್ಮೂರು ವರ್ಷದ ಹುಡುಗಿ. ಮುಂದಿನ ತಿಂಗಳು ಗಂಡಸಿ ಊರಿಂದ ಹುಡುಗನ ಕಡೆಯೋರು ನೋಡೋಕೆ ಬರ್ತಾರೆ. ಪೊಲೀಸು ಅಂತ ಹೋದ್ರೆ ಅದರ ಬಾಳು ಮುಗೀತು. ನಿಂಗಾದ್ರೆ ಮರೆತೆ ಅಂತ ಬರೆದುಕೊಟ್ರೆ ಏನು ಹೋಗುತ್ತೆ? ಈ ದೋಣಿ ಬಿಟ್ರೆ ಇನ್ನೊಂದು ದೋಣಿ. ಕೆಲಸ ಇದೆ, ಸಂಬಳ ಇದೆ. ನಿನ್ನನ್ನ ಅವಳು ಸ್ವಂತ ಅಕ್ಕನ ಹಾಗೆ ನೋಡ್ತಾಳೆ ಅಂತ ನಿಂಗೇ ಗೊತ್ತು. ಅವಳಿಗೋಸ್ಕರ ಹಾಕು."

ಇದನ್ನು ಏನೆನ್ನಬೇಕು? ಬಾಗಿಲಿಂದ ನೂಕಿದರೆ ಹೋಗದವಳನ್ನು ಕಿಟಕಿಯಿಂದ ಕರೆದು ಕಳಿಸುವ ಉಪಾಯ. ಲತಾಮಣಿಗೆ ಅದು ತಿಳಿಯುತ್ತಿತ್ತು. ತಿಳಿದೂ ಕರಗಿದಳು. ಶಿಲ್ಪಾಗೆ ಹಗ್ಗದ ಗಂಟು ಹಾಕಲು ಕಲಿಸಿದವಳು ಅವಳು. ನೀರಿಗೆ ಹೆದರುತ್ತಿದ್ದ ಹುಡುಗಿಯನ್ನು ಸೊಂಟ ಹಿಡಿದು ಈಜಿಸಿದವಳು ಅವಳು. ಆ ಹುಡುಗಿ ಯಾಕೆ ಹೀಗೆ ಮಾಡಿತು ಎಂಬುದು ಗೊತ್ತಿಲ್ಲದಿದ್ದರೂ, ಅದನ್ನು ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಲು ಅವಳಿಂದ ಆಗುತ್ತಿರಲಿಲ್ಲ.

"ಹಾಕಬೇಡ ಕಣೇ," ಎಂದಳು ಹೇಮಲತಾ ಇದ್ದಕ್ಕಿದ್ದ ಹಾಗೆ. "ಮಾಡದೆ ಇರೋದನ್ನ ಯಾಕೆ ಒಪ್ಕೋತೀಯ? ನಾನು ಸಾಕ್ಷಿ ಹಾಕಿದ್ದು ನೀನು ಮರೆತಿದ್ದೀಯ ಅಂದ್ಕೊಂಡು."

"ನೀನು ಸುಮ್ನಿರು ಹೇಮ," ಎಂದರು ಸುಮಿತ್ರಮ್ಮ.

ಗಡಿಯಾರದಲ್ಲಿ ಐದಕ್ಕೆ ಹನ್ನೆರಡು ನಿಮಿಷ ಇತ್ತು. ಲತಾಮಣಿ ಪೆನ್ನು ಎತ್ತಿಕೊಂಡಳು. ಭಾನುವಾರ ಬೆಳಗ್ಗೆ ಈ ದಡದಲ್ಲಿ ನಿಂತು, ತಾನು ಉಜ್ಜಿ ಬಣ್ಣ ಹೊಡೆದ ದೋಣಿ ತಾನಿಲ್ಲದೆ ಹೊರಡುವುದನ್ನು ನೋಡಬೇಕಾಗುತ್ತದೆ ಎಂದು ನೆನೆದು ಕಣ್ಣು ಮಂಜಾಯಿತು. ಕಾಗದವನ್ನು ಹತ್ತಿರ ಎಳೆದುಕೊಂಡು, ಸಹಿಯ ಜಾಗ ಹುಡುಕಲು ಕೆಳಗಿನ ಮಡಿಕೆ ಬಿಡಿಸಿದಳು.

ಸಾಕ್ಷಿ ಒಂದು, ಶಿಲ್ಪಾ. ಸಾಕ್ಷಿ ಎರಡು, ಹೇಮಲತಾ.

ಶಿಲ್ಪಾಳ ಸಹಿ ಅವಳಿಗೆ ಚೆನ್ನಾಗಿ ಗೊತ್ತು. ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆ ಎಳೆದು ಇಡೀ ಹೆಸರಿನ ಕೆಳಗೆ ಒಂದೇ ಏಟಿಗೆ ಗೆರೆ ಹಾಕುತ್ತಿದ್ದಳು. ಹಾಗೇ ಇತ್ತು. ನೀಲಿ ಇಂಕು, ನೆಟ್ಟ ಗೆರೆ, ಎಲ್ಲೂ ಕೈ ನಡುಗಿರಲಿಲ್ಲ.

ಬೆರಳ ತುದಿಯವರೆಗೆ ಪಟ್ಟಿ ಸುತ್ತಿದ ಕೈ ಅದು. ಬೆಳಗ್ಗೆ ಚಮಚ ಹಿಡಿಯಲಾಗದ ಕೈ.

ಲತಾಮಣಿ ಪೆನ್ನು ಕೆಳಗಿಟ್ಟಳು. ಧ್ವನಿ ಕ್ಲಾಸಿನಲ್ಲಿ ಪ್ರಶ್ನೆ ಕೇಳುವಾಗಿನಷ್ಟೇ ಇತ್ತು.

"ಹೇಮಕ್ಕ, ನೀವು ಇದಕ್ಕೆ ಯಾವಾಗ ಸಹಿ ಹಾಕಿದ್ರಿ?"

"ನಿನ್ನೆ. ಆಸ್ಪತ್ರೆ ಬಾಗಿಲಲ್ಲಿ."

"ಶಿಲ್ಪಾ ಎಲ್ಲಿದ್ಲು?"

"ಒಳಗೆ ಕರ್ಕೊಂಡು ಹೋಗಿದ್ರಲ್ಲ, ಆಪರೇಷನ್ನಿಗೆ."

"ನೀವು ಹಾಕುವಾಗ ಅವಳ ಸಹಿ ಇತ್ತಾ?"

ಹೇಮಲತಾ ಕಾಗದ ನೋಡಿದಳು, ಸುಮಿತ್ರಮ್ಮನನ್ನು ನೋಡಿದಳು, ಮತ್ತೆ ಕಾಗದ ನೋಡಿದಳು.

"ಇತ್ತು," ಎಂದಳು. ಆಮೇಲೆ ತಾನು ಹೇಳಿದ್ದು ತನಗೇ ಕೇಳಿಸಿದ ಹಾಗೆ, "ಅಯ್ಯೋ ಶಿವನೇ," ಎಂದಳು.

"ಟೈಪೂ ಆಗಿತ್ತಾ?"

"ಪೂರ್ತಿ ಆಗಿತ್ತು."

"ಕಂಬ ಬಿದ್ದಿದ್ದು ನಿನ್ನೆ ಬೆಳಗ್ಗೆ ಎಂಟೂವರೆಗೆ. ಹತ್ತು ಗಂಟೆಗೆ ನೀವು ಹಾಸನದಲ್ಲಿ." ಲತಾಮಣಿ ಸುಮಿತ್ರಮ್ಮನ ಕಡೆ ತಿರುಗಿದಳು. "ಅಮ್ಮ, ಇದು ನಿಮ್ಮ ಮಂಡಿ ಪ್ರಿಂಟರು. ಮಂಡಿ ಕಂಪ್ಯೂಟರಿಗೂ ಬುಧವಾರ ಬೆಳಗಾಗ್ತಲೇ ಪೂಜೆ ಆಯ್ತು. ವಿಭೂತಿ ಹಚ್ಚಿ, ಹೂ ಏರಿಸಿದ ಫೋಟೋ ನೀವೇ ಗ್ರೂಪಿಗೆ ಹಾಕಿದ್ರಿ, ಇನ್ನು ಶುಕ್ರವಾರವೇ ತೆಗೆಯೋದು ಅಂತ. ಪೂಜೆಗಿಟ್ಟಿದ್ದನ್ನ ನಿಮ್ಮನೇಲಿ ಹುಟ್ಟಿದ ಮಗೂನೂ ಮುಟ್ಟಲ್ಲ ಅಂತ ಈಗ ತಾನೇ ನೀವೇ ಹೇಳಿದ್ರಿ."

ಸುಮಿತ್ರಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು.

"ಹಾಗಾದ್ರೆ ಇದು ಟೈಪ್ ಆಗಿದ್ದು ಮಂಗಳವಾರ, ಇಲ್ಲ ಅದಕ್ಕೂ ಮುಂಚೆ. ಕಂಬ ಮುರಿಯುತ್ತೆ ಅಂದ್ಕೊಂಡಿದ್ರಿ, ಮುರೀಲಿಲ್ಲ. ಭುಜ ಮುರಿಯುತ್ತೆ ಅಂತ ಯಾರೂ ಅಂದ್ಕೊಂಡಿರ್ಲಿಲ್ಲ, ಅದಕ್ಕೇ ಇದರಲ್ಲಿ ಅದು ಇಲ್ಲ. ನಾನಿನ್ನೂ ಆ ಪಿನ್ ಹಾಕೋ ಹೊತ್ತಿಗೇ, ಅದನ್ನ ಮರೆತೆ ಅಂತ ನನ್ನ ಹೆಸರಲ್ಲಿ ಬರೆಸಿಟ್ಟಿದ್ರಿ."

ಸುಮಿತ್ರಮ್ಮನ ಕೈ ಸೆರಗಿನಿಂದ ಹೊರಬಂದು ಕಾಗದದ ಮೇಲೆ ಬಿತ್ತು. ಲತಾಮಣಿಯ ಅಂಗೈ ಅದಕ್ಕಿಂತ ಮೊದಲೇ ಅಲ್ಲಿತ್ತು. ಎರಡು ಕೈಯ ನಡುವೆ ಕಾಗದ ಬಿಗಿಯಾಯಿತು. ಯಾರೂ ಎಳೆಯಲಿಲ್ಲ.

ಬಾಗಿಲಲ್ಲಿ ಹನುಮಮ್ಮ ನಿಂತಿದ್ದಳು. ಕೈಯಲ್ಲಿ ಹಾಲಿನ ಪ್ಯಾಕೆಟ್ ಇರಲಿಲ್ಲ. ಅವಳು ಎಲ್ಲಿಗೂ ಹೋಗಿರಲೇ ಇಲ್ಲ.

"ಟೀಚರಮ್ಮ," ಎಂದಳು, "ಅವತ್ತು ಬೀಗದ ಕೈ ಇಸ್ಕೊಂಡಾಗ ಶಿಲ್ಪವ್ವ ಅಳ್ತಾ ಇದ್ರು. ಯಾಕವ್ವ ಅಂದೆ. ಅತ್ತೆ ಕಳ್ಸವ್ರೆ, ಇಲ್ಲ ಅಂದ್ರೆ ಷಡಕ್ಷರಪ್ಪ ಮಾವ ಹೆಂಗೆ ಸತ್ರು ಅಂತ ಎಲ್ಲಾರ್ಗೂ ಹೇಳ್ಬಿಡ್ತಾರಂತೆ, ಅಂದ್ರು."